ಮಾಡಿನ ಮೇಲಿನ ಪಾಚಿ: ಮೊದ್ಲು ಸಾಯ್ಸಿ, ಆಮೇಲೆ ಉಜ್ಜಿ

ಮೊದ್ಲೇ ಹೇಳ್ಬಿಡ್ತೀನಿ, ನಮ್ಕಡೆ ಪಾಚಿಯಿಂದ ಹಾಳಾದ ಮಾಡಿಗಿಂತ (ಮಾಡು ಅಂದ್ರೆ ಮನೆ ಛಾವಣಿ) ಪಾಚಿ ತೆಗೀತೀನಿ ಅಂತ ಹತ್ತಿ ಹಾಳು ಮಾಡ್ಕೊಂಡ ಮಾಡೇ ಜಾಸ್ತಿ. ಪ್ರೆಶರ್ ವಾಷರ್ ಬಾಡಿಗೆಗೆ ತಂದು ಹೆಂಚಿನ ಮೇಲೆ ಬಿಡೋರು, ತಾರಸಿಗೆ ಟಾಯ್ಲೆಟ್ ಆಸಿಡ್ ಸುರಿಯೋರು, ಸಿಮೆಂಟ್ ಶೀಟನ್ನ ತಂತಿ ಬ್ರಷ್ಷಲ್ಲಿ ಗೀಚೋರು, ಇದೆಲ್ಲ ದೀಪಾವಳಿ ಕಳೆದ್ಮೇಲೆ ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ಯಾವ ಊರಲ್ಲಾದ್ರೂ ನೋಡೋಕೆ ಸಿಗತ್ತೆ. ಆ ಹೊತ್ತಿಗೆ ಮಾಡು ಕೆಂಪಗೆ ಹೊಸದಾಗಿ ಕಾಣತ್ತೆ ನಿಜ, ಆದ್ರೆ ಮುಂದಿನ ಆರಿದ್ರ ಮಳೇಲಿ ಅಡುಗೆಮನೆ ನಡುವೆ ಪಾತ್ರೆ ಇಡ್ಬೇಕಾಗತ್ತೆ.

ಪಾಚಿ ತೆಗಿಯೋದು ಜೋರಿನ ಕೆಲಸ ಅಲ್ಲ, ಕಾಯೋ ಕೆಲಸ. ಔಷಧಿ ಹೊಡ್ದು ಸಾಯ್ಸಿ, ಒಣಗೋಕೆ ಬಿಟ್ಟು, ಆಮೇಲೆ ಮೆತ್ತಗೆ ಉಜ್ಜಿದ್ರೆ ಅರ್ಧ ಕೆಲಸ ಬಿಸಿಲೇ ಮಾಡ್ಕೊಡತ್ತೆ. ಹಸಿ ಇದ್ದಾಗ ಕೆರೆದ್ರೆ ಮೇಲಿಂದು ಹೋಗತ್ತೆ, ಹೆಂಚಿನ ಸಣ್ಣ ತೂತಲ್ಲಿ ಇರೋದು ಹಂಗೇ ಉಳ್ಕೊಳತ್ತೆ, ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರು.

ಮಾಡಿನ ಮೇಲೆ ಇರೋದು ಎಂತ ಅಂತ ಮೊದ್ಲು ನೋಡಿ

ಎಲ್ಲದಕ್ಕೂ ನಾವು ಪಾಚಿ ಅಂತೀವಿ, ಆದ್ರೆ ಅಲ್ಲಿ ಮೂರು ನಾಲ್ಕು ಜಾತಿ ಇರತ್ತೆ. ಮಳೆಗಾಲದಲ್ಲಿ ತೆಳ್ಳಗೆ ಹಸಿರಾಗಿ, ಕಾಲಿಟ್ರೆ ಜಾರೋದು ಮಾಮೂಲಿ ಹಸಿರು ಪಾಚಿ, ಇದು ಸುಲಭಕ್ಕೆ ಹೋಗತ್ತೆ. ತಾರಸಿ ಮೇಲೆ, ಪ್ಯಾರಾಪೆಟ್ ಗೋಡೆ ಮೇಲೆ ಮಸಿ ಬಳಿದ ಹಾಗೆ ಕಪ್ಪಗೆ ಇಳ್ಕೊಂಡು ಬಂದಿರತ್ತಲ್ಲ, ಅದನ್ನ ತುಂಬಾ ಜನ ಧೂಳು ಅಂತಲೋ ಸಿಮೆಂಟ್ ಹಳೇದಾಗಿದೆ ಅಂತಲೋ ಅಂದ್ಕೋತಾರೆ, ಅದೂ ಜೀವ ಇರೋದೇ, ಸಯನೋಬ್ಯಾಕ್ಟೀರಿಯಾ ಅನ್ನೋ ಗುಂಪು. ಬಿಸಿಲಿಂದ ತಪ್ಪಿಸ್ಕೊಳ್ಳೋಕೆ ಸುತ್ತ ಕಪ್ಪು ಬಣ್ಣದ ಹೊದಿಕೆ ಮಾಡ್ಕೊಂಡಿರತ್ತೆ, ಅದಕ್ಕೇ ಆ ಕಪ್ಪು. ಕಾಂಪೌಂಡ್ ಮೇಲೆ, ಮನೆಯ ಉತ್ತರದ ಗೋಡೆ ಮೇಲೆ ಕಿತ್ತಳೆ ಬಣ್ಣದ ವೆಲ್ವೆಟ್ ಥರ ಬರೋದು ಟ್ರೆಂಟೆಪೋಲಿಯಾ ಅಂತ, ಅದೂ ಹಸಿರು ಪಾಚಿ ಜಾತಿಗೇ ಸೇರಿದ್ದು, ಬಣ್ಣ ಮಾತ್ರ ಬೇರೆ.

ಇನ್ನು ಹಾವಸೆ. ಮೆತ್ತಗೆ, ದಪ್ಪಕ್ಕೆ, ಹೆಂಚಿನ ಸಂದಿ ಸಂದೀಲಿ ಗುಪ್ಪೆಯಾಗಿ ಕೂತಿರತ್ತೆ. ನಿಜವಾಗ್ಲೂ ಕಾಟ ಕೊಡೋದು ಇದೇ. ನೀರು ಹಿಡ್ಕೊಂಡು ಕೂರತ್ತೆ, ಒಂದ್ ಹೆಂಚು ಇನ್ನೊಂದ್ರ ಮೇಲೆ ಕೂರೋ ಜಾಗದಲ್ಲಿ ಬೆಳೆದು ಮೇಲಿನ ಹೆಂಚನ್ನ ಸ್ವಲ್ಪ ಎತ್ತತ್ತೆ, ಗಾಳಿಮಳೆಗೆ ನೀರು ಆ ಸಂದಿಯಿಂದ ಒಳಗೆ ಬಂದು ಹೆಂಚು ಹೊರೋ ಮರದ ರೀಪು, ಪಕಾಸಿಗೆ ಇಳಿಯತ್ತೆ. ಹೆಂಚು ಸೋರತ್ತೆ ಅಂತ ಹೊಸ ಹೆಂಚು ತರೋ ಮೊದ್ಲು ಈ ಸಂದಿ ನೋಡಿ ಮಾರಾಯ್ರೆ. ಕೊನೇದು ಕಲ್ಲುಹೂವು, ಬೂದಿ ಬಣ್ಣದ ರುಪಾಯಿ ಅಗಲದ ಬಿಲ್ಲೆಗಳು. ಇದು ಮೇಲ್ಮೈಗೆ ಗಟ್ಟಿಯಾಗಿ ಕಚ್ಕೊಂಡಿರತ್ತೆ, ಸತ್ರೂ ಕಲೆ ವರ್ಷಗಟ್ಲೆ ಉಳಿಯತ್ತೆ, ಅದನ್ನ ಕೆರೆದು ತೆಗಿಯೋಕೆ ಹೋದ್ರೆ ಹೆಂಚಿನ ಮೈಯೇ ಕಿತ್ಕೊಂಡು ಬರತ್ತೆ. ಬಿಟ್ಬಿಡಿ, ಅದರಿಂದ ಸೋರಲ್ಲ.

ಇನ್ನೊಂದು ವಿಷಯ, ಬೇಸಿಗೇಲಿ ಮಾಡು ನೋಡಿದ್ರೆ ಎಲ್ಲ ಕಪ್ಪಗೆ ಒಣಗಿ ಹಪ್ಪಳದ ಥರ ಅಂಚು ಮುದುರ್ಕೊಂಡಿರತ್ತೆ. ಸತ್ತೋಯ್ತು ಅಂದ್ಕೋಬೇಡಿ, ಮೊದಲನೇ ಮಳೆ ಬಿದ್ದ ಮೇಲೆ ನೋಡಿ, ಮತ್ತೆ ಹಸಿರು. ಎಷ್ಟೇ ಒಣಗಿದ್ರೂ ನೀರು ಸಿಕ್ಕ ತಕ್ಷಣ ಏಳೋ ಜಾತಿ ಇವು.

ಒಂದೇ ಜಿಲ್ಲೆ, ಒಂದೇ ಲೆಕ್ಕ ಅಲ್ಲ

ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ, ಶಿವಮೊಗ್ಗ ಪೇಟೇಲಿ ಸಾವಿರದ ಆಸುಪಾಸು. ಅದಕ್ಕೆ ಶಿವಮೊಗ್ಗದ ವಿನೋಬನಗರದಲ್ಲಿ ಇರೋರು ಒಂದ್ಸಲ ಮಾಡಿದ್ರೆ ಎರಡು ಮೂರು ವರ್ಷ ನೆಮ್ಮದಿಯಾಗಿ ಇರ್ಬಹುದು, ಹೊಸನಗರ, ತೀರ್ಥಹಳ್ಳಿ ಕಡೆ ತೋಟದ ನಡುವೆ ಮನೆ ಇರೋರಿಗೆ ಪ್ರತಿ ವರ್ಷ ಒಂದು ಕೈ ನೋಡ್ಲೇಬೇಕು. ಅದ್ರಲ್ಲೂ ಉತ್ತರಕ್ಕೆ ಇಳಿಯೋ ಮಾಡು, ಹಲಸಿನ ಮರದ ಕೆಳಗಿನ ಮಾಡು ಮಾತ್ರ ಕೆಟ್ಟಿರತ್ತೆ, ದಕ್ಷಿಣದ ಕಡೆ ಅಷ್ಟಾಗಿ ಇರಲ್ಲ. ಇಡೀ ಮನೆಗೆ ಔಷಧಿ ಹೊಡಿಯೋ ಅಗತ್ಯ ಇಲ್ಲ, ಕೆಟ್ಟ ಮಗ್ಗುಲಿಗಷ್ಟೇ ಹೊಡೀರಿ.

ಯಾವಾಗ ಮಾಡೋದು

ಔಷಧಿ ಹೊಡಿಯೋಕೆ ಒಳ್ಳೇ ಕಾಲ ಸ್ವಾತಿ ಮಳೆ ಮುಗಿದ ಮೇಲೆ, ಅಂದ್ರೆ ದೀಪಾವಳಿಯ ಹಿಂದೆ ಮುಂದೆ. ಪಾಚಿ ಇನ್ನೂ ಹಸಿಯಾಗಿ ಇರತ್ತೆ, ಹಸಿ ಪಾಚಿ ಔಷಧಿನ ಚೆನ್ನಾಗಿ ಕುಡಿಯತ್ತೆ, ತೊಳ್ಕೊಂಡು ಹೋಗೋಷ್ಟು ಮಳೆ ಇರಲ್ಲ. ತೊಂದ್ರೆ ಏನಂದ್ರೆ ಅದೇ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗತ್ತೆ, ಜನ ಸಿಗಲ್ಲ, ತಾರಸಿ ತುಂಬಾ ಅಡಿಕೆ ಹರಡಿರತ್ತೆ. ಅಡಿಕೆ ಒಣಗ್ಸೋ ಜಾಗದ ಹತ್ರ ಬ್ಲೀಚಿಂಗ್ ಆಗ್ಲಿ ಬೇರೆ ಔಷಧಿ ಆಗ್ಲಿ ತರ್ಲೇಬೇಡಿ. ಆದ್ರೆ ಕೊಯ್ಲಿಗೆ ಮೊದ್ಲು ಒಂದು ವಾರ ಸಿಕ್ಕತ್ತಲ್ಲ, ಅಷ್ಟ್ರಲ್ಲಿ ಹೊಡ್ದು ಮುಗಿಸ್ಬಿಡಿ, ಅಡಿಕೆ ಹರಡೋ ತಾರಸಿ ಆದ್ರೆ ಚೆನ್ನಾಗಿ ತೊಳ್ದು ಒಣಗ್ಸಿ. ಉಜ್ಜೋದು ಶಿವರಾತ್ರಿ ಕಳೆದ ಮೇಲೆ, ಬಣ್ಣ ಕೋಟಿಂಗ್ ಏನಾದ್ರೂ ಇದ್ರೆ ಯುಗಾದಿ ಆಜುಬಾಜು, ಮಾಡಿನ ನೀರು ಹರಿಯೋ ದೋಣಿ ಕ್ಲೀನ್ ಮಾಡೋದು ಕೃತ್ತಿಕೆ ಮಳೆ ಒಳಗೆ.

ದೀಪಾವಳಿಗೆ ಆಗ್ಲಿಲ್ಲ, ಬೇಸಿಗೇಲೇ ಮಾಡ್ಬೇಕು ಅಂದ್ರೆ ಹಿಂದಿನ ದಿನ ಸಂಜೆ ಮಾಡಿಗೆ ನೀರು ಬಿಡಿ, ಬೆಳಿಗ್ಗೆ ಬಿಸಿಲೇರೋ ಮೊದ್ಲು ಔಷಧಿ ಹೊಡೀರಿ. ಒಣ ಪಾಚಿ ಮೇಲೆ ಹೊಡ್ದಿದ್ದು ದಂಡ.

ಹತ್ತೋ ಮೊದ್ಲು

ಇದನ್ನ ಓದದೆ ಮುಂದೆ ಹೋಗ್ಬೇಡಿ. ಪಾಚಿ ಹಿಡ್ದ ಹೆಂಚಿನ ಮೇಲೆ ನೇರವಾಗಿ ಕಾಲಿಡೋ ಹಾಗಿಲ್ಲ, ಜಾರತ್ತೆ, ಇಲ್ಲ ಹೆಂಚು ಒಡಿಯತ್ತೆ. ಎರಡು ಏಣಿ ಬೇಕು, ಒಂದು ಹತ್ತೋಕೆ, ಇನ್ನೊಂದು ಮಾಡಿನ ಮೇಲೆ ಮಲಗ್ಸೋಕೆ. ಮಲಗ್ಸೋ ಏಣಿಯ ಕೆಳಗೆ ಗೋಣಿಚೀಲ ಸುತ್ತಿ, ತುದಿಗೆ ಹಗ್ಗ ಕಟ್ಟಿ ನೆತ್ತಿ ದಾಟ್ಸಿ ಆಚೆ ಕಡೆ ಗಟ್ಟಿ ಕಂಬಕ್ಕೋ ಮರಕ್ಕೋ ಬಿಗೀರಿ. ನಿಮ್ಮ ಸೊಂಟಕ್ಕೂ ಬೇರೆ ಹಗ್ಗ ಇರ್ಲಿ. ಕೆಳಗೆ ಒಬ್ರು ನಿಂತಿರ್ಲೇಬೇಕು, ಮನೇಲಿ ಯಾರೂ ಇಲ್ದಾಗ ಒಬ್ರೇ ಹತ್ತೋ ಸಾಹಸ ಬೇಡ. ಮನೆಗೆ ಬರೋ ಕರೆಂಟ್ ಸರ್ವಿಸ್ ವೈರ್ ಎಲ್ಲಿದೆ ನೋಡ್ಕೊಳ್ಳಿ, ಅಲ್ಯೂಮಿನಿಯಂ ಏಣಿ ಅದ್ರ ಹತ್ರ ಒಯ್ಯಬೇಡಿ, ತೀರಾ ಅಡ್ಡ ಇದ್ರೆ ಮೆಸ್ಕಾಂ ಲೈನ್‌ಮನ್‌ಗೆ ಹೇಳಿ ಆಫ್ ಮಾಡಿಸ್ಕೊಳ್ಳಿ. ಸೂರಿನ ಕೆಳಗೆ ಕಣಜದ ಗೂಡು, ಹೆಂಚಿನ ಅಡಿ ಚೇಳು ಇದ್ದೇ ಇರತ್ತೆ, ಬರಿಗೈ ಹಾಕೋದು ಬೇಡ.

ನಿಮಗೆ ಐವತ್ತು ದಾಟಿದ್ರೆ, ಅಥ್ವಾ ಮಾಡು ತುಂಬಾ ಚೂಪಾಗಿ ಇದ್ರೆ, ದುಡ್ಡು ಕೊಟ್ಟು ಹೆಂಚಿನ ಕೆಲಸ ಗೊತ್ತಿರೋರನ್ನ ಕರೀರಿ. ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಮರ ಹತ್ತೋದ್ರಲ್ಲಿ ಹುಷಾರು ಅಂತ ಹೆಂಚಿನ ಮೇಲೆ ಹತ್ತಿಸ್ತಾರೆ ಕೆಲವ್ರು, ಅಡಿಕೆ ಮರ ಬೇರೆ, ಹೆಂಚು ಬೇರೆ.

ಔಷಧಿ ಯಾವ್ದು

ನಾನು ಹೆಂಚಿಗೆ ಹೇಳೋದು ಬೆನ್ಝಾಲ್ಕೋನಿಯಂ ಕ್ಲೋರೈಡ್, ಅಂಗಡೀಲಿ ಬಿಕೆಸಿ ಅಂದ್ರೆ ಗೊತ್ತಾಗತ್ತೆ, ಸಿಗಡಿ ಕೆರೆಯವರು ಬಳಸೋದು ಇದನ್ನೇ. ನೂರಕ್ಕೆ 50 ಇಲ್ಲಾ 80 ಅಂತ ಡಬ್ಬಿ ಮೇಲೆ ಬರೆದಿರತ್ತೆ. 50ರದ್ದಾದ್ರೆ ಹತ್ತು ಲೀಟರ್ ನೀರಿಗೆ 400 ಮಿಲಿ, 80ರದ್ದಾದ್ರೆ 250 ಮಿಲಿ, ಅಲ್ಲಿಗೆ ಸುಮಾರು ಶೇಕಡಾ 2ರ ದ್ರಾವಣ ಆಯ್ತು. ನೂರು ಚದರಡಿಗೆ ಎರಡರಿಂದ ಮೂರು ಲೀಟರ್ ಹಿಡಿಯತ್ತೆ. ಇದಕ್ಕೆ ಸೋಪಿನ ಪುಡಿ ಸೇರಿಸ್ಬೇಡಿ, ಸೇರಿಸಿದ್ರೆ ಔಷಧೀನೇ ಸತ್ತೋಗತ್ತೆ. ತೊಳಿಯೋ ಕೆಲಸ ಇಲ್ಲ, ಹೊಡ್ದು ಬಿಟ್ಬಿಡಿ, ಹಸಿರು ಪಾಚಿ ವಾರದಲ್ಲಿ ಕಂದು ಬಣ್ಣಕ್ಕೆ ತಿರುಗತ್ತೆ, ಹಾವಸೆಗೆ ತಿಂಗಳೂ ಬೇಕಾಗ್ಬಹುದು. ಮೀನಿಗೆ ಇದು ವಿಷ, ಮಾಡಿನ ನೀರು ಕೆರೆಗೋ ಹಳ್ಳಕ್ಕೋ ನೇರ ಹೋಗೋ ಜಾಗದಲ್ಲಿ ಹೊಡೀಬೇಡಿ.

ಬ್ಲೀಚಿಂಗ್ ಪೌಡರ್ ಬಿರುಕಿಲ್ಲದ ಆರ್‌ಸಿಸಿ ತಾರಸಿಗೆ, ಮೆಟ್ಟಿಲಿಗೆ, ಅಂಗಳದ ಕಾಂಕ್ರೀಟಿಗೆ ಸರಿ. ಹತ್ತು ಲೀಟರಿಗೆ ಅರ್ಧ ಕೇಜಿ ಕಲಸಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿ ನೀರು ಮಾತ್ರ ಬಸೀರಿ, ಕೆಳಗಿನ ಗಸಿ ಪಂಪಿನ ನಾಝಲ್ ಕಟ್ಟತ್ತೆ, ಬಿಳಿ ಕಲೆನೂ ಉಳ್ಸತ್ತೆ. ಹೊಸ ಪುಡೀಲಿ ಕ್ಲೋರಿನ್ ಶೇಕಡಾ 30ರ ಮೇಲೆ ಇರತ್ತೆ, ಮಳೆಗಾಲ ಪೂರ್ತಿ ಕೊಟ್ಟಿಗೇಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಬರೀ ಸುಣ್ಣ ಉಳಿದಿರತ್ತೆ, ವಾಸನೆ ಇಲ್ಲ ಅಂದ್ರೆ ಎಸೀರಿ. ಇದನ್ನ ಟಾಯ್ಲೆಟ್ ಆಸಿಡ್ ಜೊತೆ ಯಾವತ್ತೂ ಸೇರಿಸ್ಬೇಡಿ, ವಿಷದ ಕ್ಲೋರಿನ್ ಗ್ಯಾಸ್ ಏಳತ್ತೆ, ಉಸಿರೇ ಕಟ್ಟತ್ತೆ. ಎರಡೂ ಔಷಧಿಗೆ ರಬ್ಬರ್ ಗ್ಲೌಸ್, ಕನ್ನಡಕ, ತುಂಬುತೋಳಿನ ಹಳೇ ಅಂಗಿ ಬೇಕೇ ಬೇಕು, ಗಾಳಿ ಬರೋ ಕಡೆಗೆ ಬೆನ್ನು ಮಾಡಿ ನಿಂತ್ಕೊಳ್ಳಿ.

ಇನ್ನು ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್. ಅಡಿಕೆ ಕೊಳೆಗೆ ಹೊಡೆದ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಉಳಿದಿದೆ, ಮಾಡಿಗೂ ಒಂದ್ ಸುತ್ತು ಹೊಡೆದ್ರೆ ಹೆಂಗೆ ಅಂತ ಪ್ರತಿ ತೋಟದವರಿಗೂ ಒಂದ್ಸಲ ತಲೇಲಿ ಬಂದೇ ಬರತ್ತೆ. 1910ರ ಸುಮಾರಿಗೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಹೊಡಿಯೋದನ್ನ ಹೇಳ್ಕೊಟ್ಟಾಗಿನಿಂದ ನಮ್ಮ ಅಟ್ಟದಲ್ಲಿ ಮೈಲುತುತ್ತ ಇಲ್ಲದ ಕಾಲ ಇಲ್ಲ. ತಾಮ್ರ ಪಾಚಿ ಕೊಲ್ಲತ್ತೆ, ಅದು ಸುಳ್ಳಲ್ಲ. ಆದ್ರೆ ಹೆಂಚಿಗೆ ನೀಲಿ ಕಲೆ ಕೂರತ್ತೆ, ಜಿಐ ಅಂದ್ರೆ ಸತು ಬಳಿದ ಕಬ್ಬಿಣದ ಶೀಟು, ದೋಣಿ ಇದ್ರೆ ತೂತು ಬೀಳತ್ತೆ, ಮಳೆನೀರು ಟ್ಯಾಂಕಿಗೆ ಹಿಡಿಯೋರಿಗೆ ಇನ್ನೂ ತಾಪತ್ರಯ. ಮಾಡಿಗೆ ಬೇಡ. ಉಪ್ಪು, ಸೀಮೆಎಣ್ಣೆ, ವಿನೆಗರ್ ಇತ್ಯಾದಿ ಮನೆಮದ್ದುಗಳ ಬಗ್ಗೆ ಬರೆಯೋಷ್ಟು ಏನಿಲ್ಲ, ಉಪ್ಪಂತೂ ಹೆಂಚನ್ನ ಪುಡಿ ಉದುರ್ಸತ್ತೆ.

ಹೆಂಚಿನ ಮಾಡು, ಒಂದೊಂದೇ ಹೆಜ್ಜೆ

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆ ಮಾದರೀಲೇ ಇವತ್ತೂ ನಮ್ಮ ಮಾಡಿನ ಹೆಂಚು ಬರೋದು, ಸುಟ್ಟ ಮಣ್ಣು, ಮೈಯೆಲ್ಲ ಸಣ್ಣ ತೂತು, ನೀರು ಕುಡಿಯೋದು ಅದರ ಸ್ವಭಾವ. ಅದ್ರ ಮೈ ಗಟ್ಟಿ ಇದ್ದಷ್ಟು ದಿನ ಬಾಳಿಕೆ. ಪ್ರೆಶರ್ ವಾಷರ್ ಆ ಗಟ್ಟಿ ಮೈಯನ್ನೇ ಕಿತ್ತು ಒಳಗಿನ ಮೆದು ಮಣ್ಣು ಹೊರಗೆ ಹಾಕತ್ತೆ, ಆಮೇಲೆ ಪಾಚಿ ಮೊದಲಿಗಿಂತ ಬೇಗ ಹಿಡಿಯತ್ತೆ, ನೀರೂ ಸಂದಿಯಿಂದ ಮೇಲಕ್ಕೆ ನುಗ್ಗತ್ತೆ.

ಮೊದ್ಲು ಮಳೆನೀರಿನ ಟ್ಯಾಂಕಿಗೆ ಹೋಗೋ ಪೈಪ್ ಕಳಚಿ. ಬಾವಿ ಸೂರಿನ ಪಕ್ಕದಲ್ಲೇ ಇದ್ರೆ ಟಾರ್ಪಾಲ್ ಮುಚ್ಚಿ. ಸೂರಿನ ಕೆಳಗಿನ ಗಿಡಗಳಿಗೆ ಚೆನ್ನಾಗಿ ನೀರು ಹಾಕಿ ನೆನೆಸಿ, ದಾಸವಾಳ ತಡ್ಕೊಳತ್ತೆ, ಕುಂಡದಲ್ಲಿರೋ ಸೂಕ್ಷ್ಮದ ಗಿಡ ಇದ್ರೆ ಎತ್ತಿ ಆಚೆ ಇಡಿ.

ಒಣ ಎಲೆ, ಕಡ್ಡಿ ಎಲ್ಲ ತೆಂಗಿನ ಕಡ್ಡಿ ಪೊರಕೇಲಿ ಮೇಲಿಂದ ಕೆಳಕ್ಕೆ ಗುಡಿಸಿ. ದಪ್ಪ ಹಾವಸೆ ಗುಪ್ಪೆ ಇದ್ರೆ ಮರದ ಚಕ್ಕೇಲಿ ಮೆಲ್ಲಗೆ ಎತ್ತಿ, ಕತ್ತಿ ಬೇಡ. ಆಮೇಲೆ ಬೆನ್ನಿಗೆ ಹಾಕೋ ಔಷಧಿ ಪಂಪಲ್ಲಿ ಬಿಕೆಸಿ ಹೊಡೀರಿ, ಇಲ್ಲೂ ನೆತ್ತಿಯಿಂದ ಶುರು ಮಾಡಿ ಸೂರಿಗೆ ಬನ್ನಿ, ಹೆಂಚು ತೊಯ್ಬೇಕು, ಹರಿದು ಹೋಗ್ಬಾರ್ದು. ಸಂದಿಗೆ, ನೆತ್ತಿ ಹೆಂಚಿನ ಗಾರೆಗೆ, ಎರಡು ಮಾಡು ಸೇರೋ ಮೂಲೆಗೆ ಒಂದು ಕೈ ಜಾಸ್ತಿ. ಹೊಡೆದ ಮೇಲೆ ಒಂದು ದಿನ ಪೂರ್ತಿ ಮಳೆ ಬರದ ಹಾಗಿರ್ಬೇಕು. ಪಂಪನ್ನ ಅವತ್ತೇ ಮೂರು ನಾಲ್ಕು ಸಲ ತೊಳೀರಿ.

ಈಗ ಇಳ್ದು ಬಂದು ಅಡಿಕೆ ಕೆಲಸ ನೋಡ್ಕೊಳ್ಳಿ. ಚಳಿಗಾಲದ ಇಬ್ಬನಿ, ಮಧ್ಯಾಹ್ನದ ಬಿಸಿಲು ಸೇರಿ ಸತ್ತ ಪಾಚಿ ತಾನೇ ಸಿಪ್ಪೆ ಏಳತ್ತೆ. ಶಿವರಾತ್ರಿ ಕಳೆದು ಹತ್ತಿದ್ರೆ ನಾರಿನ ಬ್ರಷ್ಷು ಇಲ್ಲ ಗಟ್ಟಿ ಪೊರಕೆ ಸಾಕು, ಒಣಗಿರುವಾಗಲೇ, ಮೇಲಿಂದ ಕೆಳಗೆ. ಕೆಳಗಿಂದ ಮೇಲಕ್ಕೆ ಉಜ್ಜಿದ್ರೆ ಕಸವೆಲ್ಲ ಹೆಂಚಿನ ಅಡಿಗೆ ಹೋಗಿ ಕೂರತ್ತೆ, ಮಳೆಗಾಲದಲ್ಲಿ ಅದೇ ನೀರು ಒಳಗೆ ಎಳೆಯತ್ತೆ. ಇನ್ನೂ ಹಸಿರು ಉಳಿದ ಜಾಗ ಇದ್ರೆ ಅಲ್ಲಿಗೆ ಮಾತ್ರ ಎರಡನೇ ಸಲ ಔಷಧಿ.

ಹತ್ತಿದಾಗಲೇ ಬೆರಳ ಗಿಣ್ಣಲ್ಲಿ ಹೆಂಚು ತಟ್ಟಿ ನೋಡಿ, ಠಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಬಿರುಕು. ಮಂಗಗಳು ಓಡಾಡಿ ಜರುಗಿಸಿದ ಹೆಂಚೂ ಆಗಲೇ ಸರಿಯಾಗತ್ತೆ. ಅಡುಗೆಮನೆ ಗಾಜಿನ ಹೆಂಚು ಹಸಿರಾಗಿ ಒಳಗೆ ಮಬ್ಬು ಬೆಳಕು ಬರ್ತಿದ್ರೆ ಅದಕ್ಕೆ ಔಷಧಿ ಬೇಡ, ಸೋಪಿನ ನೀರು, ಒಂದು ಬಟ್ಟೆ ಸಾಕು. ಮಾಡು ಪೂರ್ತಿ ಹಾವಸೆಯಾಗಿ, ರೀಪೂ ಕೆಟ್ಟಿದ್ರೆ ಮೇಲೆ ಎಷ್ಟು ಉಜ್ಜಿದ್ರೂ ಪ್ರಯೋಜನ ಇಲ್ಲ, ಬೇಸಿಗೇಲಿ ಹೆಂಚು ಇಳಿಸಿ, ತೊಟ್ಟೀಲಿ ನೆನೆಹಾಕಿ, ತೆಂಗಿನ ಜುಂಗಲ್ಲಿ ಉಜ್ಜಿ ಒಣಗಿಸಿ, ರೀಪು ಬದಲಾಯಿಸಿ ಮತ್ತೆ ಹೊದಿಸೋದೇ ಸರಿ. ಖರ್ಚು ಬರತ್ತೆ, ಆದ್ರೆ ಒಮ್ಮೆ ಮಾಡಿಸಿದ್ರೆ ತುಂಬಾ ವರ್ಷ ತಲೆಬಿಸಿ ಇಲ್ಲ.

ತಾರಸಿ

ಇಲ್ಲಿ ಕೆಲಸ ಸುಲಭ, ನಿಂತ್ಕೊಂಡು ಮಾಡ್ಬಹುದು. ಗುಡಿಸಿ, ನೀರು ಹಾಕಿ ತೋಯ್ಸಿ, ಬ್ಲೀಚಿಂಗ್ ತಿಳಿ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಒಣಗೋಕೆ ಬಿಡದೆ ಇಟ್ಟು, ನೈಲಾನ್ ಬ್ರಷ್ಷಲ್ಲಿ ಉಜ್ಜಿ, ಸಾಕಷ್ಟು ನೀರಲ್ಲಿ ತೊಳೀರಿ. ಕಪ್ಪು ಜಾತಿ ಇದ್ರೆ ಎರಡು ಸಲ ಬೇಕಾಗತ್ತೆ. ತಾರಸೀಲಿ ಬಿರುಕು ಇದ್ರೆ ಬ್ಲೀಚಿಂಗ್ ಹಾಕ್ಬೇಡಿ, ಕ್ಲೋರೈಡ್ ಬಿರುಕಲ್ಲಿ ಇಳ್ದು ಕಂಬಿ ತಿನ್ನತ್ತೆ, ಅಲ್ಲಿಗೂ ಬಿಕೆಸಿನೇ. ಆಸಿಡ್ ಹಾಕಿದ್ರೆ ಸಿಮೆಂಟೇ ಕರಗಿ ಮರಳು ಏಳತ್ತೆ, ಬೆಳ್ಳಗೆ ಕಾಣೋದು ಕ್ಲೀನ್ ಆಗಿದ್ದಕ್ಕಲ್ಲ, ಮೇಲ್ಪದರ ಹೋಗಿದ್ದಕ್ಕೆ.

ತೊಳೆದ ಮೇಲೆ ನೀರು ಎಲ್ಲಿ ನಿಲ್ಲತ್ತೆ ನೋಡಿ, ಚಾಕ್‌ಪೀಸಲ್ಲಿ ಸುತ್ತ ಗೆರೆ ಹಾಕಿ. ಪಾಚಿಯ ತವರು ಅದು. ಆ ತಗ್ಗನ್ನ ವಾಟರ್‌ಪ್ರೂಫ್ ಹಾಕಿದ ಗಾರೇಲಿ ತುಂಬಿ ಪೈಪಿನ ಕಡೆಗೆ ಇಳಿಜಾರು ಕೊಡ್ಲಿಲ್ಲ ಅಂದ್ರೆ ಮೇಲೆ ಎಂತಾ ಬಣ್ಣ ಹೊಡೆದ್ರೂ ದುಡ್ಡು ನೀರಿಗೆ.

ಶೀಟು

ಹಳೇ ಸಿಮೆಂಟ್ ಶೀಟು ಅಂದ್ರೆ ಆಸ್ಬೆಸ್ಟಾಸ್. ಒಣಗಿದಾಗ ಉಜ್ಜಬೇಡಿ, ಪ್ರೆಶರ್ ನೀರು ಬಿಡಬೇಡಿ, ಏಳೋ ಧೂಳು ಪುಪ್ಪುಸಕ್ಕೆ ಹೋದ್ರೆ ಆಗೋ ಕಾಯಿಲೆ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗೋದು. ಸೂರಿನ ಪಕ್ಕ ಏಣಿ ಇಟ್ಟು, ಅಲ್ಲಿಂದಲೇ ಉದ್ದ ಕೋಲಿನ ನಾಝಲ್‌ನಲ್ಲಿ ಬಿಕೆಸಿ ಸಿಂಪಡಿಸಿ ಮಳೆಗೆ ಬಿಟ್ಬಿಡಿ, ಉಜ್ಜೋ ಕೆಲಸ ಇಲ್ಲವೇ ಇಲ್ಲ. ಅದರ ಮೇಲೆ ನಡಿಯೋದೂ ಬೇಡ, ಹಳೇ ಶೀಟು ಸದ್ದಿಲ್ಲದೆ ಮುರಿದು ನೇರ ಕೆಳಗೆ ಹಾಕತ್ತೆ. ಜಿಐ, ಬಣ್ಣದ ತಗಡಿನ ಶೀಟಿಗೆ ಸೋಪಿನ ನೀರು, ಮೆತ್ತನೆ ಬ್ರಷ್ಷು ಅಷ್ಟೇ, ಬ್ಲೀಚಿಂಗ್ ತಗುಲಿದ್ರೆ ತುಕ್ಕು.

ಮತ್ತೆ ಬರದ ಹಾಗೆ

ಮೊದಲನೇ ಮದ್ದು ಬಿಸಿಲು. ಮಾಡಿನ ಮೇಲೆ ಚಾಚಿದ ಕೊಂಬೆ ಸವರಿದ್ರೆ ಬಿಸಿಲೂ ಬೀಳತ್ತೆ, ಎಲೆನೂ ಬೀಳಲ್ಲ. ಮರವನ್ನೇ ತೆಗಿಯೋ ಯೋಚನೆ ಇದ್ರೆ 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಅರಣ್ಯ ಇಲಾಖೇಲಿ ಕೇಳಿ ಮುಂದುವರೀರಿ.

ಎರಡನೇದು ತಾಮ್ರದ ಪಟ್ಟಿ, ಇದರ ಬಗ್ಗೆ ನಮ್ಕಡೆ ಯಾರೂ ಮಾತಾಡಲ್ಲ. ನಿಮ್ಮನೆ ಅಥ್ವಾ ಪಕ್ಕದ ಮನೆ ಮಾಡಿನ ಮೇಲೆ ಡಿಶ್ ಆಂಟೆನಾದ ಜಿಐ ಕಂಬ ಇದ್ರೆ ಅದರ ಬುಡದಿಂದ ಕೆಳಗೆ ನೋಡಿ, ಸುತ್ತ ಎಲ್ಲ ಕಪ್ಪಗಿದ್ರೂ ಅಲ್ಲೊಂದು ಗೇಣಗಲದ ಕೆಂಪು ಗೆರೆ ಸೂರಿನವರೆಗೆ ಇಳಿದಿರತ್ತೆ. ಮಳೆನೀರಲ್ಲಿ ಸತು ಚೂರು ಚೂರೇ ಕರಗಿ ಆ ದಾರೀಲಿ ಪಾಚಿ ಹುಟ್ಟೋಕೆ ಬಿಟ್ಟಿಲ್ಲ. ತಾಮ್ರ ಇದನ್ನೇ ಇನ್ನೂ ಚೆನ್ನಾಗಿ ಮಾಡತ್ತೆ. ನೆತ್ತಿ ಹೆಂಚಿನ ಅಂಚಿಂದ ಕೆಳಗೆ, ಮಳೆ ಬೀಳೋ ಹಾಗೆ, ಎರಡು ಮೂರು ಇಂಚಿನ ತಾಮ್ರದ ತಗಡು, ಇಲ್ಲಾ ಅರ್ಥಿಂಗಿಗೆ ಬಳಸೋ ಬರೀ ತಾಮ್ರದ ತಂತಿ ಎರಡು ಮೂರು ಎಳೆ ಉದ್ದಕ್ಕೂ ಕೂರಿಸಿ. ಹಳೇ ಮೋಟಾರಿನ ವೈಂಡಿಂಗ್ ತಂತಿ ನಡಿಯಲ್ಲ, ಅದಕ್ಕೆ ವಾರ್ನಿಷ್ ಇರತ್ತೆ. ಮಾಡು ತುಂಬಾ ಉದ್ದ ಇದ್ರೆ ಸೂರಿನ ತನಕ ಪರಿಣಾಮ ಸಿಗಲ್ಲ, ನಡುವೆ ಇನ್ನೊಂದು ಸಾಲು ಬೇಕು. ಜಿಐ ಇಲ್ಲ ಅಲ್ಯೂಮಿನಿಯಂ ದೋಣಿ ಇರೋ ಮನೆಗೆ ಇದು ಬೇಡ, ದೋಣಿ ತಿಂದ್ಹಾಕತ್ತೆ, ಪಿವಿಸಿ ದೋಣಿ ಆದ್ರೆ ತೊಂದ್ರೆ ಇಲ್ಲ. ಕುಡಿಯೋಕೆ ಮಾಡಿನ ನೀರು ಹಿಡಿಯೋರೂ ಇದನ್ನ ಬಿಡಿ.

ಹೆಂಚಿಗೆ ಬಣ್ಣದ ಬಗ್ಗೆ ಕೇಳ್ತೀರ ಅಂತ ಗೊತ್ತು. ನನಗೆ ಅಷ್ಟು ಇಷ್ಟ ಇಲ್ಲ. ಪೂರ್ತಿ ಒಣಗದ ಹೆಂಚಿಗೆ ಹೊಡೆದ್ರೆ ಎರಡು ಮಳೆಗಾಲದಲ್ಲಿ ಸುಲಿಯತ್ತೆ, ಅದರ ಮೇಲೆ ಧೂಳು ಕೂತ್ರೆ ಪಾಚಿಯೂ ಬರತ್ತೆ. ಹೊಡೀಲೇಬೇಕು ಅಂದ್ರೆ ಸಿಲೇನ್ ಸಿಲಾಕ್ಸೇನ್ ಅಂತ ಬರೋ ನೀರು ತಡಿಯೋ ದ್ರಾವಣ ಒಳ್ಳೇದು, ಪದರ ಕಟ್ಟಲ್ಲ, ಹೆಂಚು ನೀರು ಕುಡಿಯೋದು ಕಮ್ಮಿಯಾಗತ್ತೆ, ಒಳಗಿನ ತೇವ ಆವಿಯಾಗಿ ಹೊರಗೆ ಹೋಗತ್ತೆ. ತಾರಸಿಗೆ ಸುಣ್ಣ ಬಳಿಯೋದು ಹಳೇ ಪದ್ಧತಿ, ಅದರ ಕ್ಷಾರಕ್ಕೆ ಪಾಚಿ ಬರಲ್ಲ, ಆದ್ರೆ ನಮ್ಮ ಮಳೇಲಿ ತೊಳೆದು ಹೋಗತ್ತೆ, ವರ್ಷಾ ವರ್ಷಾ ಬಳೀಬೇಕು. ತಾರಸಿ ಮೇಲೆ ತಗಡಿನ ಮಾಡು ಹಾಕಿಸ್ತಾರಲ್ಲ ಈಗ ಎಲ್ಲರೂ, ಪಾಚಿ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೇ ಉಪಾಯ ಇಲ್ಲ, ಅಡಿಕೆ ಒಣಗ್ಸೋಕೆ ಬಿಸಿಲು ಹೋಗತ್ತೆ ಅನ್ನೋದೊಂದೇ ತಕರಾರು.

ರೋಹಿಣಿ ಮಳೆಗೆ ಮೊದ್ಲು ದೋಣಿ, ಮೂಲೆ, ತಾರಸಿ ಪೈಪಿನ ಬಾಯಿ ಮೂರೂ ಕೈ ಹಾಕಿ ಕ್ಲೀನ್ ಮಾಡಿ, ಪೈಪಿನ ಬಾಯಿಗೆ ಜಾಲರಿ ಇಡಿ. ಔಷಧಿ ಹೊಡೆದ ವರ್ಷ ಮೊದಲ ನಾಲ್ಕೈದು ಜೋರು ಮಳೆಯ ನೀರು ಚರಂಡಿಗೆ ಹೋಗ್ಲಿ, ಟ್ಯಾಂಕಿನ ಪೈಪ್ ಅದಾದ ಮೇಲೆ ಜೋಡಿಸಿದ್ರಾಯ್ತು.